ದೊಡ್ಡವರನ್ನು ಬಾಗಿಲಿಗೆ ನಿಲ್ಲಿಸಿದ ಬೆಲ್ಲಕ್ಕ

ಬೆಲ್ಲಕ್ಕನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಕಾಲಿಂಗ್ ಬೆಲ್ ಮಾಡುವ ಕಾರ್ಖಾನೆಗೆ ಸೇರಿದಾಗ ಬೆಲ್ ಅಕ್ಕ ಆದಳು. ಬರಬರುತ್ತ ಜನರ ಬಾಯಲ್ಲಿ ಸವೆದು ಬೆಲ್ಲಕ್ಕ ಆಗಿ ನಿಂತಳು. ಕಾರ್ಖಾನೆ ಎಂದರೆ ದೊಡ್ಡದಾಗಿ ಏನನ್ನೂ ಕಲ್ಪಿಸಿಕೊಳ್ಳಬೇಡಿ. ಒಂದು ಉದ್ದನೆಯ ಕೋಣೆ, ಗೋಡೆಗೆ ಒತ್ತಿದ ಮೇಜುಗಳು, ಬೆಸುಗೆಯ ಹೊಗೆ, ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ರಾಶಿ, ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಕನ್ನಡಕ ಹುಡುಕುವ ಒಬ್ಬ ಮಾಲೀಕ. ತಂತಿ ಬೆಸೆಯುವುದೂ ಬೆಲ್ಲಿನೊಳಗಿನ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿಗೆ ಹಾಡು ತುಂಬುವುದೂ ಬೆಲ್ಲಕ್ಕನ ಕೆಲಸ.

ಅವಳಪ್ಪ ಊರಿನ ರಂಗಮಂದಿರದ ವಾದ್ಯವೃಂದದಲ್ಲಿ ಎರಡನೇ ಸಾಲಿನ ಪಿಟೀಲು. ಎರಡನೇ ಸಾಲಿನವರನ್ನು ಯಾರೂ ನೋಡುವುದಿಲ್ಲ, ಅಪ್ಪನಿಗೆ ಅದರ ಬೇಜಾರೂ ಇರಲಿಲ್ಲ. ಅವರಿಗೆ ಬೇಕಾಗಿದ್ದವರು ಒಬ್ಬರೇ: ಎಷ್ಟೋ ತಲೆಮಾರುಗಳ ಹಿಂದೆ ತೀರಿಕೊಂಡ ಒಬ್ಬ ಸಂಗೀತಕಾರ. ಆ ಮಹಾನುಭಾವನ ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ ಎಂದು ಅಪ್ಪ ಯಾವಾಗಲೂ 'ದೊಡ್ಡವರು' ಎನ್ನುತ್ತಿದ್ದರು, ಪಕ್ಕದ ಕೋಣೆಯಲ್ಲೇ ಮಲಗಿದ್ದಾರೆ, ಕೇಳಿಸಿಕೊಂಡಾರು ಎಂಬಂತೆ. ರೇಡಿಯೋದಲ್ಲಿ ಸಿನಿಮಾ ಹಾಡು ಬಂದರೆ ಕತ್ತು ಓರೆ ಮಾಡಿ ಕೇಳಿ, ತೊಡೆ ತಟ್ಟಿ ನಗುತ್ತಿದ್ದರು.

"ಕದ್ದಿದಾನೆ ಕಳ್ಳ! ಆದ್ರೆ ಒಳ್ಳೇ ಮನೆಗೇ ಕನ್ನ ಹಾಕಿದಾನೆ. ಇದೂ ದೊಡ್ಡವರದೇ."

ಸೋಪಿನ ಜಾಹೀರಾತು ಬಂದರೂ ದೊಡ್ಡವರದೇ, ಮಕ್ಕಳ ಆಟಿಕೆಯ ರೈಲು ಕೂಗಿದರೂ ದೊಡ್ಡವರದೇ. ಈಗಿನ ಹಾಡುಗಳ ಮೈಯಲ್ಲೆಲ್ಲ ಓಡುವುದು ಅವರ ರಕ್ತವೇ, ಪಾಪ ಮಕ್ಕಳಿಗೆ ತಮ್ಮ ಅಜ್ಜ ಯಾರು ಅಂತ ಗೊತ್ತಿಲ್ಲ ಅಷ್ಟೆ ಎನ್ನುವುದು ಅಪ್ಪನ ವಾದ.

ಮಗಳಿಗೆ ಪಿಟೀಲು ಕಲಿಸಿದವರೂ ಅವರೇ. ಕಲಿಸಿದರು ಎನ್ನುವುದಕ್ಕಿಂತ ಬೈದರು ಎನ್ನಬೇಕು. "ಅದೇನು ಕಮಾನೋ, ಪೊರಕೆಯೋ? ಕಿವೀನ ಎಲ್ಲಿ ಬಿಟ್ಟು ಬಂದೆ? ಪಕ್ಕದ ಮನೆ ಬೆಕ್ಕು ನಿನಗಿಂತ ಶ್ರುತೀಲಿ ಅಳುತ್ತೆ." ಕಿಟಕಿಯ ಪಕ್ಕ ಅಪ್ಪ, ಎದುರಿಗೆ ಅವಳು, ಒಳಗಿನಿಂದ ಅಮ್ಮನ "ಸಾಕು ಬಿಡಿ, ಮಗು ಅಳ್ತಿದೆ" ಎನ್ನುವ ದನಿ. ಮಗು ಅಳುತ್ತಿರಲಿಲ್ಲ, ನಗು ತಡೆಯುತ್ತಿತ್ತು. ಬೇರೆಯವರು ಜೋಗುಳ ನೆನಪಿಟ್ಟುಕೊಂಡಂತೆ ಬೆಲ್ಲಕ್ಕ ಆ ಬೈಗುಳಗಳನ್ನು ನೆನಪಿಟ್ಟುಕೊಂಡಿದ್ದಾಳೆ. ದೊಡ್ಡವರ ಒಂದು ರಚನೆಯಲ್ಲಿ ನಿಧಾನಗತಿಯ ಒಂದು ಭಾಗವಿದೆ. ಅಲ್ಲಿಗೆ ಬಂದಾಗ ಮಾತ್ರ ಅಪ್ಪನ ದನಿ ತಗ್ಗುತ್ತಿತ್ತು. "ಏನು ತಪ್ಪು ಬೇಕಾದ್ರೂ ಮಾಡು. ಇದನ್ನ ಮಾತ್ರ ಓಡಿಸಬೇಡ, ಕಂದ."

ಆಮೇಲೆ ರಂಗಮಂದಿರದವರು ವಾದ್ಯವೃಂದವನ್ನೇ ಮುಚ್ಚಿದರು. ಅಮ್ಮ ತೀರಿಕೊಂಡಳು. ಅಪ್ಪ ಮನೆ ಹಿಡಿದರು, ಮಗಳು ಬೆಸುಗೆಯ ಕಡ್ಡಿ ಹಿಡಿದಳು.

ಒಂದು ದಿನ ಮಾಲೀಕರು ಬಂದು, "ಟಿಂಗ್ ಟಾಂಗ್ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ ಕಣಮ್ಮ. ಏನಾದ್ರೂ ಒಳ್ಳೇ ಹಾಡು ಹಾಕು" ಎಂದರು. ಅವಳಿಗೆ ಗೊತ್ತಿದ್ದ ಒಳ್ಳೆಯ ಹಾಡು ಒಂದೇ. ಆ ನಿಧಾನದ ಭಾಗದ ಮೊದಲ ಸಾಲನ್ನು ತುಂಬಿ ನೋಡಿದರೆ, ಉದ್ದಕ್ಕೆ ಎಳೆಯಬೇಕಾದ ಕೊನೆಯ ಸ್ವರಕ್ಕೆ ಚಿಪ್ಪಿನಲ್ಲಿ ಜಾಗವಿಲ್ಲ. "ಸ್ವಲ್ಪ ಜೋರಾಗಿ ಓಡ್ಸು, ಹಿಡಿಯುತ್ತೆ" ಎಂದರು ಮಾಲೀಕರು. ಎಲ್ಲರೂ ಮಾಡುವುದು ಅದನ್ನೇ. ಬೆಲ್ಲಕ್ಕನಿಗೆ ಕೈ ಬರಲಿಲ್ಲ. ಓಡಿಸುವ ಬದಲು ಕೊನೆಯ ಸ್ವರವನ್ನೇ ಬಿಟ್ಟಳು. ಹಾಡು ಹೊಸ್ತಿಲವರೆಗೆ ಬಂದು ಒಳಗೆ ಬಾರದ ನೆಂಟನ ಹಾಗೆ ನಿಂತುಬಿಟ್ಟಿತು.

ಆ ಬೆಲ್ಲನ್ನು ಜನ ಮುಗಿಬಿದ್ದು ಕೊಂಡರು. ಬೀದಿಯ ಮನೆಮನೆಗೂ ಅದೇ. ಅಪ್ಪ ಅದನ್ನು ಮೊದಲು ಕೇಳಿದ್ದು ಕೆಳಗಿನ ದರ್ಜಿಯ ಮನೆ ಬಾಗಿಲಲ್ಲಿ. ಮೆಟ್ಟಿಲು ಹತ್ತಿ ಬಂದವರ ಮುಖ ಸುಣ್ಣ ಬಳಿದಂತಾಗಿತ್ತು.

"ದೊಡ್ಡವರನ್ನ ಬಾಗಿಲು ಕಾಯೋಕೆ ನಿಲ್ಲಿಸಿದ್ಯಲ್ಲೇ. ಅದೂ ಕತ್ತು ಕುಯ್ದು."

"ಸಿನಿಮಾದವರು ಕದ್ರೆ ನಗ್ತೀರಿ, ನಾನು ಮಾಡಿದ್ರೆ ತಪ್ಪಾ?"

"ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು."

ಅದೇ ಅವರ ಕೊನೆಯ ಬೈಗುಳ. ಮಾತು ಬಿಟ್ಟಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅಪ್ಪ ಮಾತು ಬಿಡಲಿಲ್ಲ, ಮರ್ಯಾದೆಯಾಗಿ ಮಾತಾಡತೊಡಗಿದರು. "ಊಟ ಆಯ್ತಾ? ಕೆಲಸ ಹೇಗಿದೆ? ಸುಸ್ತಾಗಿರಬೇಕು, ಮಲಕ್ಕೋ." ಬಹುವಚನ ಹಚ್ಚುವುದೊಂದು ಬಾಕಿ. ಪಿಟೀಲನ್ನು ಅವಳು ಕೆಲಸಕ್ಕೆ ಹೋದ ಮೇಲೆ ತೆಗೆಯುತ್ತಿದ್ದರು, ಬರುವ ಹೊತ್ತಿಗೆ ಪೆಟ್ಟಿಗೆಯಲ್ಲಿಟ್ಟು ಬೀಗ. ಹೀಗೇ ವರ್ಷಗಳು ಉರುಳಿ ಅವಳ ಕೂದಲೂ ನರೆಯಿತು. ಈಗ ಅಪ್ಪನಿಗೆ ಅಂಗಿಯ ಗುಂಡಿ ಹಾಕಲೂ ಬೆರಳು ಸರಿಯಾಗಿ ಬಗ್ಗುವುದಿಲ್ಲ. ಗುಂಡಿ ಹಾಕಿಕೊಡುವಾಗೆಲ್ಲ ಅವಳು ಒಂದನ್ನೇ ಬೇಡಿಕೊಳ್ಳುತ್ತಾಳೆ. ಈ ಬೆರಳುಗಳು ಪೂರ್ತಿ ನಿಲ್ಲುವ ಮೊದಲು ಒಂದೇ ಒಂದು ಸಲ ಅಪ್ಪ ತನ್ನನ್ನು ಎದುರಿಗೆ ಕೂರಿಸಿಕೊಂಡು ಸಂಗೀತಕ್ಕಾಗಿ ಬೈಯಲಿ. ಅವಳಿಗೆ ಬದುಕಿನಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

ಒಂದು ರಜೆಯ ಮಧ್ಯಾಹ್ನ ದರ್ಜಿಯ ಮಗಳು ಮೇಲೆ ಬಂದಳು. ಹುಡುಗಿ ಕಂಪ್ಯೂಟರಿನಲ್ಲಿ ಹಾಡು ಕಟ್ಟಿ ಹಾಡುತ್ತಾಳೆ. ಊರಿನ ಹುಡುಗರ ಫೋನಿನಲ್ಲೆಲ್ಲ ಅವಳದೇ ದನಿ.

"ತಾತ, ಅಮ್ಮನ ಮೇಲೆ ಒಂದು ಹಾಡು ಮಾಡ್ತಿದೀನಿ. ಶುರುವಿಗೆ ನಿಜವಾದ ಪಿಟೀಲು ಬೇಕು" ಎಂದವಳು ಕಣ್ಣು ಮುಚ್ಚಿ ಗುನುಗಿದಳು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಬೆಲ್ಲಕ್ಕನ ಕೈ ನಿಂತಿತು. ಅದೇ ಸಾಲು, ಕೊನೆಯ ಸ್ವರವಿಲ್ಲದೆ.

"ಇದನ್ನ ಎಲ್ಲಿಂದ ತಂದೆ?" ಅಪ್ಪ ಕೇಳಿದರು.

"ನಮ್ಮನೆ ಬಾಗಿಲಿಂದ!"

ಅಪ್ಪ ತಡವರಿಸುತ್ತ ಎದ್ದು ಬೀಗ ತೆಗೆದರು. "ಬಾಗಿಲದ್ದಲ್ಲ ಇದು, ದೊಡ್ಡವರದ್ದು. ಪೂರ್ತಿ ಕೇಳು." ಮಗಳು ಮನೆಯಲ್ಲಿದ್ದಾಳೆ ಎಂಬುದನ್ನು ಸಿಟ್ಟಿನಲ್ಲಿ ಮರೆತರೋ ಏನೋ, ನುಡಿಸಿಯೇಬಿಟ್ಟರು. ಎರಡು ಕಡೆ ಬೆರಳು ಜಾರಿತು, ಆದರೂ ಕೊನೆಯ ಸ್ವರವನ್ನು ಉಸಿರು ಹಿಡಿದು ಎಳೆದರು. ಬೆಲ್ಲಕ್ಕ ಒದ್ದೆ ಕೈಯಲ್ಲೇ ಬಾಗಿಲ ಮರೆಗೆ ಬಂದು ನಿಂತಿದ್ದಳು.

"ತುಂಬಾ ಚೆನ್ನಾಗಿದೆ ತಾತ" ಎಂದಳು ಹುಡುಗಿ. "ಆದ್ರೆ ಇದು ಮುಗಿದೇಹೋಯ್ತಲ್ಲ. ಅಮ್ಮ ಸಂಜೆ ಕೆಲಸದಿಂದ ಬಂದು ಬೆಲ್ ಒತ್ತಿದ್ರೆ ನಾನು, ಅಣ್ಣ ಬಿದ್ದೂ ಎದ್ದೂ ಓಡ್ತಿದ್ವಿ. ಹಾಡು ಮುಗೀಲಿ ಅಂತ ಯಾರು ಕಾಯ್ತಾರೆ? ಅದು ನಿಲ್ಲೋ ಹೊತ್ತಿಗೆ ಬಾಗಿಲು ತೆಗೆದಿರ್ತಿತ್ತು, ಅಮ್ಮನ ಮುಖ ಕಾಣ್ತಿತ್ತು. ಈಗ ಅಮ್ಮ ಇಲ್ಲ. ಬೆಲ್ ನಿಲ್ಲೋ ಆ ಜಾಗದಿಂದಲೇ ನಾನು ಹಾಡು ಎತ್ಕೋಬೇಕು."

ಅಪ್ಪ ಕಮಾನನ್ನು ತೊಡೆಯ ಮೇಲೆ ಇಳಿಸಿದರು. ಆಮೇಲೆ ತಲೆ ಎತ್ತದೆ ಬಾಗಿಲ ಮರೆಯಲ್ಲಿದ್ದ ಮಗಳನ್ನು ಕೇಳಿದರು: "ಸ್ವಲ್ಪ ಓಡಿಸಿದ್ರೆ ಆ ಬೆಲ್ಲಲ್ಲಿ ಪೂರ್ತಿ ಹಿಡೀತಿತ್ತಲ್ಲ?"

"ಹಿಡೀತಿತ್ತು."

"ಮತ್ತೆ?"

"ನೀವೇ ಹೇಳಿದ್ರಲ್ಲ, ಇದನ್ನ ಓಡಿಸಬೇಡ ಅಂತ."

ಇಷ್ಟು ವರ್ಷ ಅವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಒಬ್ಬರಿಗಿಂತ ಒಬ್ಬರು ಮೊಂಡರು. ಅಪ್ಪ ಪಿಟೀಲನ್ನು ಅವಳತ್ತ ಚಾಚಿದರು.

"ನನ್ನ ಬೆರಳು ನೋಡಿದ್ಯಲ್ಲ. ಹಿಡಿ. ನೀನು ನುಡಿಸು."

ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬೆಲ್ಲಕ್ಕ ಪಿಟೀಲನ್ನು ಗಲ್ಲಕ್ಕೆ ಒತ್ತಿದಳು. ತಂತಿ ಕೀಚಲಿಟ್ಟಿತು. ಹೇಗೋ ಸಾಲಿನ ತುದಿಗೆ ಬಂದು, ಅಪ್ಪನಿಗೆ ಸಂತೋಷವಾಗಲಿ ಎಂದು ಆ ಕೊನೆಯ ಸ್ವರವನ್ನೂ ಎಳೆದಳು.

ಅಪ್ಪ ಕುರ್ಚಿಯ ಕೈಗೆ ರಪ್ಪನೆ ಬಡಿದರು.

"ಏನೇ ಅದು? ಹುಡುಗಿ ಕೇಳಿದ್ದೇನು, ನೀನು ನುಡಿಸಿದ್ದೇನು? ನನ್ನ ಮುಖ ನೋಡ್ಕೊಂಡು ನುಡಿಸ್ತೀಯಾ? ಅವಳ ಅಮ್ಮ ಬಾಗಿಲಿಗೆ ಬಂದು ನಿಂತಿದಾಳೆ, ಅಲ್ಲಿ ಬಿಡು! ಕೈ ನೋಡು, ಮರದ ಕೊರಡು. ಮೊಣಕೈ ಇಳಿಸು. ಇನ್ನೂ ಇಳಿಸು! ಇಷ್ಟು ವರ್ಷ ಏನು ಗೆಣಸು ಕೀಳ್ತಿದ್ಯಾ?"

ದರ್ಜಿಯ ಮಗಳು ಗಾಬರಿಯಾಗಿ ಎದ್ದು ನಿಂತಳು. ತನ್ನಿಂದ ಅಪ್ಪ ಮಗಳಿಗೆ ಜಗಳ ಆಯ್ತಲ್ಲ ಎಂದು ಅವಳಿಗೆ ಕಸಿವಿಸಿ. "ಅಕ್ಕ, ನಾನು ಇನ್ನೊಂದು ದಿನ ಬರ್ಲಾ?"

ಬೆಲ್ಲಕ್ಕನ ಕಣ್ಣೀರು ಪಿಟೀಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಮೊಣಕೈ ಇಳಿಸಿದಳು, ಮೂಗು ಎಳೆದುಕೊಂಡಳು.

"ಕೂತ್ಕೊಳೇ" ಎಂದಳು. "ಈಗ ತಾನೇ ಶುರು ಮಾಡಿದಾರೆ."