ತಲೆಯ ಮೇಲಿನ ಬೆಸುಗೆ

ಹಡಗು ಕಟ್ಟುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನಿಗೆ ವೆಲ್ಡಿಂಗ್ ಕಲಿಸಿದವನು, ಕೆಲಸಕ್ಕೆ ಸೇರಿಸಿದವನು, ಕೊನೆಗೆ ತನ್ನ ತಂಗಿಯನ್ನೂ ಕೊಟ್ಟವನು ಅವನ ಭಾವ. ಹಡಗಿನ ಹೊಟ್ಟೆಯ ಇಕ್ಕಟ್ಟಿನಲ್ಲಿ ಅಂಗಾತ ಮಲಗಿ, ಮೈಮೇಲೆ ಕಿಡಿ ಸುರಿಯುತ್ತಿದ್ದರೂ ಕೈ ನಡುಗದಂತೆ ತಲೆಯ ಮೇಲಿನ ಉಕ್ಕನ್ನು ಬೆಸೆಯುವುದರಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ. ಕತ್ತಿನ ತುಂಬ ಸುಟ್ಟ ಕಲೆ. ಸಿಡುಬು ಎದ್ದಾಗಲೂ ಇಷ್ಟು ಚೆಂದ ಇರಲಿಲ್ಲ ಎಂದು ತಾನೇ ನಗುತ್ತಿದ್ದ.

ಹಡಗುಗಳು ತಡವಾಗಿ ಗಿರಾಕಿಗಳು ಕೈಬಿಡತೊಡಗಿದಾಗ, ಆಡಳಿತದವರು ವಿದೇಶಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಮೇಸ್ತ್ರಿಯನ್ನು ಅಲ್ಲಿಗೆ ಕಲಿಯಲು ಕಳಿಸಿದರು. ಅಲ್ಲಿ ಹಡಗನ್ನು ತುಂಡುತುಂಡಾಗಿ, ತಲೆಕೆಳಗಾಗಿ ಕಟ್ಟುತ್ತಿದ್ದರು. ಕತ್ತೆತ್ತಿ ಬೆಸೆಯಬೇಕಾದದ್ದೆಲ್ಲ ಕಾಲಬುಡಕ್ಕೆ ಬರುತ್ತಿತ್ತು. ಗಾಲಿಯ ಮೇಲಿನ ಯಂತ್ರವೇ ಬೆಸೆಯುತ್ತ ಸಾಗುತ್ತಿತ್ತು. ಆಮೇಲೆ ಕ್ರೇನಿನಿಂದ ಮಗುಚಿ ಜೋಡಿಸಿದರಾಯಿತು. ಸದ್ಯ, ಭಾವನ ಬೆನ್ನು ಉಳಿಯಿತು ಎಂದು ಮೇಸ್ತ್ರಿ ಹಿಗ್ಗಿದ.

ಊರಿಗೆ ಬಂದು ಎಲ್ಲರಿಗೂ ಕಲಿಸಿದ. ಒಂದು ಹಡಗು ಮುಗಿಯುತ್ತಿದ್ದ ಹೊತ್ತಿನಲ್ಲಿ ಎರಡು ಮುಗಿದವು. ಭಾವ ಮಾತ್ರ ಯಂತ್ರದ ಪಕ್ಕ ಕೈಕಟ್ಟಿ ನಿಲ್ಲಲಾರದೆ ಚಡಪಡಿಸುತ್ತಿದ್ದ. ಅಷ್ಟರಲ್ಲಿ ತಂಡವನ್ನು ಅರ್ಧಕ್ಕೆ ಇಳಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಯಾರನ್ನು ಉಳಿಸಿಕೊಳ್ಳುತ್ತೀಯ ಎಂದು ಮ್ಯಾನೇಜರ್ ಕೇಳಿದಾಗ ಮೇಸ್ತ್ರಿ ಯಂತ್ರದಲ್ಲಿ ಪಳಗಿದವರ ಹೆಸರು ಹೇಳಿದ. ಅದರಲ್ಲಿ ಭಾವನ ಹೆಸರಿರಲಿಲ್ಲ.

ಸುದ್ದಿ ತಿಳಿಸಲು ತಾನೇ ಹೋದ. ಭಾವ ಚರ್ಮದ ಕೈಗವಸು ಕಳಚುತ್ತ ಕೇಳಿಸಿಕೊಂಡ.

"ನಿನ್ನ ಜಾಗದಲ್ಲಿ ನಾನಿದ್ರೂ ಹಂಗೇ ಮಾಡ್ತಿದ್ದೆ ಬಿಡು. ನಾನೇ ಕೆಲಸ ಬೇಡ ಅಂದೆ ಅಂತ ನನ್ನ ತಂಗಿಗೆ ಹೇಳು."

ಆ ಸುಳ್ಳು ಮೇಸ್ತ್ರಿಯ ಬಾಯಿಂದ ಹೊರಡಲಿಲ್ಲ. ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಹೆಂಡತಿ ಅವನ ಮುಂದೆ ತಟ್ಟೆ ಇಟ್ಟು, "ಅಣ್ಣ ಊಟ ಮಾಡಿದ್ನಾ?" ಎಂದಷ್ಟೇ ಕೇಳಿದಳು. ಅಂದಿನಿಂದ ಮನೆಯ ಮಾತು ಉಪ್ಪು ಬೇಕಾ, ನೀರು ಬೇಕಾ ಎನ್ನುವಷ್ಟಕ್ಕೆ ಇಳಿಯಿತು. ಮೇಸ್ತ್ರಿಗೆ ಬಡ್ತಿ ಬಂದ ದಿನವೂ ಅವಳು ಉಪ್ಪು ಬೇಕಾ ಎಂದೇ ಕೇಳಿದಳು.

ಭಾವ ಬೀದಿ ಬದಿಯ ಶೆಡ್ಡಿನಲ್ಲಿ ಗೇಟು, ಕಿಟಕಿಯ ಸರಳು ಬೆಸೆಯುವ ಕೆಲಸಕ್ಕೆ ಸೇರಿದ. ಒಂದು ಸಂಜೆ ಮೇಸ್ತ್ರಿ ಧೈರ್ಯ ಮಾಡಿ ಅಲ್ಲಿಗೆ ಹೋದ. ಭಾವ ಸ್ಟೂಲು ಸರಿಸಿ ಕೂರಿಸಿದ, ಚಹಾ ತರಿಸಿದ, ಮಕ್ಕಳ ಓದು ವಿಚಾರಿಸಿದ. ಹಡಗಿನ ಸುದ್ದಿ ಎತ್ತಲಿಲ್ಲ. ಮೇಸ್ತ್ರಿ ಅವನು ಮಾಡಿಟ್ಟ ಕಿಟಕಿಯನ್ನು ಬಗ್ಗಿ ನೋಡಿದ. ಬೆಸುಗೆ ಒಡ್ಡೊಡ್ಡಾಗಿತ್ತು, ಅಲ್ಲಲ್ಲಿ ಗಂಟು ಕಟ್ಟಿತ್ತು.

"ಏನು ನೋಡ್ತೀಯ? ಕಿಟಕಿ ಕಣಯ್ಯ ಅದು," ಎಂದ ಭಾವ. "ಹೆಂಗೆ ಹಾಕಿದ್ರೂ ನಡೆಯುತ್ತೆ. ಮುಳುಗಿಹೋಗಲ್ಲ."