ನಂದಕುಮಾರ ಕಂಡ ಎರಡು ಹೆಜ್ಜೆ

ಅಮೆರಿಕನ್ ಫುಟ್‌ಬಾಲ್ ನೋಡುವವರೆಲ್ಲ ಚೆಂಡನ್ನು ನೋಡುತ್ತಾರೆ. ಧಾರವಾಡದ ನಂದಕುಮಾರ ಹೆಬ್ಬಳ್ಳಿ ಮಾತ್ರ ಚೆಂಡಿಲ್ಲದವರ ಕಾಲು ನೋಡುತ್ತಿದ್ದ. ಅದಕ್ಕೇ ಅವನಿಗೆ ಸಂಬಳ. ಡಲ್ಲಾಸಿನ ಟ್ರಿನಿಟಿ ಹಾಕ್ಸ್ ಎಂಬ ವೃತ್ತಿಪರ ತಂಡದಲ್ಲಿ ಅವನು ವಿಡಿಯೋ ಕತ್ತರಿಸುವವನು. ಇರ್ವಿಂಗಿನ ಮನೆಯಿಂದ ಫ್ರಿಸ್ಕೋದಲ್ಲಿದ್ದ ತಂಡದ ಕಚೇರಿಗೆ ಡ್ರೈವ್ ಮಾಡಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಭಾನುವಾರದ ಆಟವನ್ನು ಸೊಪ್ಪು ಹೆಚ್ಚಿದ ಹಾಗೆ ಹೆಚ್ಚಿ ಕೋಚ್‌ಗಳಿಗೆ ಕಳಿಸಬೇಕು. ಅವನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಆದರೆ ಕಬಡ್ಡಿ ಆಡಿ ಬೆಳೆದ ಕಣ್ಣು ಸುಮ್ಮನಿರುತ್ತದೆಯೇ?

ಹಾಕ್ಸ್ ತಂಡದ ಡಿಫೆನ್ಸ್‌ನಲ್ಲಿ ಮುಂದಿನ ನಾಲ್ವರು ಗೂಳಿಗಳು. ಎದುರಾಳಿ ಚೆಂಡೆಸೆಯಲು ಕೈ ಎತ್ತುವಷ್ಟರಲ್ಲಿ ಮೈಮೇಲೆ ಬಿದ್ದಿರುತ್ತಿದ್ದರು. ಚೆಂಡು ಹಿಡಿದು ಓಡಲು ಬಂದವನಿಗಂತೂ ದಾರಿಯೇ ಇಲ್ಲ. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಆದರೂ ಮೈದಾನದ ನಡುವೆ ತಲೆಯ ಮೇಲಿಂದ ಹಾರಿಸಿದ ಚೆಂಡು ಮತ್ತೆ ಮತ್ತೆ ಎದುರಾಳಿಯ ಕೈ ಸೇರುತ್ತಿತ್ತು. ಅದರ ಬೈಗುಳವೆಲ್ಲ ಕಾಲ್ವಿನ್ ಪ್ರೂಯಿಟ್‌ಗೆ. ಎಲ್ಲರ ಹಿಂದೆ ನಿಲ್ಲುವ ಕೊನೆಯ ಕಾವಲುಗಾರ ಅವನು. ಹ್ಯೂಸ್ಟನ್ನಿನವನು, ವಯಸ್ಸು ಇಪ್ಪತ್ತನಾಲ್ಕು.

ನಿಜವಾದ ತೂತು ಬೇರೆ ಕಡೆ ಇತ್ತು. ನಡುವೆ ನಿಲ್ಲುವ ಹಾಲ್ಕಂಬ್ ತಂಡದ ಕಣ್ಮಣಿ, ಅವನ ಹೆಸರಿನ ಅಂಗಿ ತೊಟ್ಟ ಮಕ್ಕಳು ಊರ ತುಂಬ. ಎದುರಾಳಿ ಚೆಂಡು ಹಿಡಿದು ಓಡುವ ಹಾಗೆ ನಟಿಸಿದರೆ ಸಾಕು, ಈ ಮಹಾಶಯ ಎರಡು ಹೆಜ್ಜೆ ಮುಂದೆ ನುಗ್ಗುತ್ತಿದ್ದ. ಅವನ ಹಿಂದೆ ಬಯಲೋ ಬಯಲು. ಅದನ್ನು ಮುಚ್ಚಲು ಕಾಲ್ವಿನ್ ತನ್ನ ಜಾಗ ಬಿಟ್ಟು ಓಡಿಬರುವನು, ಚೆಂಡು ಅವನ ಬೆನ್ನ ಹಿಂದೆ ಬೀಳುವುದು. ಟೀವಿಯಲ್ಲಿ ಮೂರ್ಖನಾಗಿ ಕಾಣುವವನು ಕಾಲ್ವಿನ್ ಒಬ್ಬನೇ.

ನಂದಕುಮಾರನಿಗೆ ಇದು ಹೊಸದಲ್ಲ. ಮೂವತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿ ಅವನು ಮೂಲೆಯ ಆಟಗಾರ. ಸೆಮಿಫೈನಲ್‌ನಲ್ಲಿ ಕೈಗೆ ಕೈ ಕೊಟ್ಟು ನಿಂತಿದ್ದ ಪಕ್ಕದವನು, ಹಿಡಿಯುವ ಹೊತ್ತಿಗೆ ಸರಕ್ಕನೆ ಕೈ ಬಿಟ್ಟ. ರೈಡರ್ ಇವನನ್ನು ಕೆಡವಿ ದಾಟಿಹೋದ. ಬಿದ್ದವನು ನಂದಕುಮಾರ, ತಂಡದಿಂದ ಹೊರಬಿದ್ದವನೂ ಅವನೇ. ಅಂಕ ಬರೆಯುತ್ತಿದ್ದ ಚನ್ನಮಲ್ಲಪ್ಪ ಎಲ್ಲವನ್ನೂ ಕಣ್ಣಾರೆ ಕಂಡಿದ್ದ, ಬಾಯಿ ಬಿಡಲಿಲ್ಲ. ಕೈ ಬಿಟ್ಟವನನ್ನು ನಂದಕುಮಾರ ಎಂದೋ ಮರೆತ. ಚನ್ನಮಲ್ಲಪ್ಪನನ್ನು ಮಾತ್ರ ಕ್ಷಮಿಸಲಿಲ್ಲ.

ಅಕ್ಟೋಬರಿನಲ್ಲಿ ಡಿಫೆನ್ಸ್ ಕೋಚ್ ಹಜಾರದಲ್ಲಿ ಸಿಕ್ಕ. "ನಂದು, ಪ್ರೂಯಿಟ್ ಬಿಟ್ಟ ಚೆಂಡುಗಳನ್ನೆಲ್ಲ ಒಟ್ಟಿಗೆ ಕತ್ತರಿಸಿ ಕೊಡು. ಅವನನ್ನು ಇಟ್ಟುಕೊಳ್ಳೋದೋ ಕಳಿಸೋದೋ ಮಂಗಳವಾರ ತೀರ್ಮಾನ."

"ಕೋಚ್, ಅದು ಅವನ ತಪ್ಪಲ್ಲ. ಹಾಲ್ಕಂಬ್ ಎರಡು ಹೆಜ್ಜೆ..."

"ಗ್ರೇಟ್! ಸಿಸ್ಟಮ್‌ನಲ್ಲಿ ಹಾಕು," ಎಂದು ಬೆನ್ನು ತಟ್ಟಿ ಹೊರಟೇಹೋದ.

ಕೋಚ್‌ಗಳೂ ಆಟಗಾರರೂ ತೆರೆದು ನೋಡುವ ತಂಡದ ಸಿಸ್ಟಮ್‌ನಲ್ಲಿ ನಂದಕುಮಾರ ಎರಡು ವಿಡಿಯೋ ಕಡತ ಹಾಕಿದ. ಮೊದಲನೆಯದರಲ್ಲಿ ಕೇಳಿದ ಹದಿನಾಲ್ಕು ತುಣುಕು. ಎರಡನೆಯದರಲ್ಲೂ ಅವೇ, ಆದರೆ ಹಾಲ್ಕಂಬನ ಪಾದಗಳ ಸುತ್ತ ಕೆಂಪು ವೃತ್ತ. ಯಾವ ಕಡತವನ್ನು ಎಷ್ಟು ಜನ ನೋಡಿದರೆಂದು ಕೆಳಗೆ ತೋರಿಸುತ್ತದೆ. ಸೋಮವಾರ ಸಂಜೆಗೆ ಮೊದಲನೆಯದನ್ನು ಒಂಬತ್ತು ಮಂದಿ ನೋಡಿದ್ದರು. ಎರಡನೆಯದನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಊಟದ ಹೊತ್ತಿಗೆ ಹೆಂಡತಿ ದಾಕ್ಷಾಯಣಿ ಸಿಡಿದಳು. "ಎತ್ತಿಗೆ ಜ್ವರ ಬಂದ್ರ ಎಮ್ಮೆಗೆ ಬರೆ ಹಾಕಿದ್ರಂತ! ಎದುರಿಗೆ ನಿಂತು ಹೇಳ್ರಿ ಅವ್ರಿಗೆ."

"ಗ್ರೀನ್ ಕಾರ್ಡಿನ ಸಾಲಿನ್ಯಾಗ ನಿಂತು ಹನ್ನೊಂದು ವರ್ಷ ಆತು. ದನಿ ಏರಿಸಿ ಕೆಲ್ಸ ಕಳಕೊಂಡ್ರ ಯಾರು ಕೇಳ್ತಾರ?"

ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ತನ್ವಿ ಫೋನಿನಲ್ಲೇ ಅಂದಳು: "ಅಪ್ಪಾ, ದಟ್ಸ್ ನಾಟ್ ಯುವರ್ ಜಾಬ್."

ಬಡವನ ಕೋಪ ದವಡೆಗೆ ಮೂಲ. ನಂದಕುಮಾರ ಮೊಸರನ್ನ ಕಲಸಿದ, ಉಣ್ಣಲಿಲ್ಲ.

ಮಂಗಳವಾರ ಅವನು ಹೋದ, ಹೋಗಲಿಲ್ಲ ಅನ್ನುವ ಹಾಗಿಲ್ಲ. ಸಭೆಯ ಕೋಣೆಯ ಬಾಗಿಲಲ್ಲಿ ಹತ್ತು ನಿಮಿಷ ನಿಂತ. ಒಳಗಿಂದ ಯಾರೋ ಬಂದು "ಏನಾದರೂ ಬೇಕಿತ್ತಾ?" ಎಂದರು. "ಏನಿಲ್ಲ," ಎಂದು ಹಿಂದಿರುಗಿದ.

ಮಧ್ಯಾಹ್ನ ಕಾಲ್ವಿನ್ ಅವನ ಕೋಣೆಗೆ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಸ್ಟೀಲ್ ಡಬ್ಬಿ. ದಸರೆಗೆ ದಾಕ್ಷಾಯಣಿ ಅವನಿಗೆಂದು ಶೇಂಗಾ ಹೋಳಿಗೆ ಕಳಿಸಿದ್ದ ಡಬ್ಬಿ ಅದು, ತೊಳೆದು ಒರೆಸಿ ತಂದಿದ್ದ.

"ಕಳಿಸಿಬಿಟ್ಟರು," ಎಂದ. "ಹದಿನಾಲ್ಕನ್ನೂ ತೋರಿಸಿದರು. ನೀವೇ ಕತ್ತರಿಸಿದ್ದಾ?"

"ಹೌದು."

"ನೀಟಾಗಿದೆ. ನಮ್ಮಮ್ಮ ನೋಡಿದ್ದರೂ ನನ್ನನ್ನು ಹೊರಗೆ ಹಾಕುತ್ತಿದ್ದಳು."

ನಂದಕುಮಾರನಿಗೆ ತಡೆಯಲಾಗಲಿಲ್ಲ. ಎರಡನೆಯ ಕಡತದ ವಿಷಯ ಹೇಳಿದ. ಕಾಲ್ವಿನ್ ಇನ್ನೂ ಹಿಂತಿರುಗಿಸಿರದ ತಂಡದ ಟ್ಯಾಬ್ಲೆಟ್ ತೆಗೆದು, ನಿಂತೇ ಕೊನೆಯವರೆಗೂ ನೋಡಿದ.

"ಯಾವಾಗಿಂದ ಗೊತ್ತು ನಿಮಗೆ?"

"ಸೆಪ್ಟೆಂಬರಿನಿಂದ."

"ಯಾರಿಗೆ ಹೇಳಿದಿರಿ?"

"ಸಿಸ್ಟಮ್‌ನಲ್ಲಿ ಹಾಕಿದ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಲ್ವಿನ್ ತಲೆಯಾಡಿಸಿ, "ಆಂಟಿಗೆ ಥ್ಯಾಂಕ್ಸ್ ಹೇಳಿ," ಎಂದು ಹ್ಯೂಸ್ಟನ್ ದಾರಿ ಹಿಡಿದ. ಕಡತದ ಕೆಳಗೆ 'ನೋಡಿದವರು: ೧' ಎಂದು ಬಂದಿತ್ತು.

ಭಾನುವಾರ ಹ್ಯೂಸ್ಟನ್ ತಂಡದೊಡನೆ ಆಟ. ಕಾಲ್ವಿನ್ನನ ಜಾಗದಲ್ಲಿ ಹೊಸಬ ನಿಂತಿದ್ದ. ಹಾಲ್ಕಂಬ್ ಎರಡು ಹೆಜ್ಜೆ ಮುಂದೆ ನುಗ್ಗಿದ, ಹೊಸಬ ಓಡಿಬಂದ, ಚೆಂಡು ಅವನ ಬೆನ್ನ ಹಿಂದೆ ಬಿತ್ತು. ಒಂದು ಸಲವಲ್ಲ, ಐದು ಸಲ.

ಸೋಮವಾರ ಕೋಚ್‌ನ ಸಂದೇಶ ಬಂತು: "ಹೊಸ ಹುಡುಗನ ತುಣುಕುಗಳು ಬೇಕು, ಸಂಜೆಯೊಳಗೆ."

ನಂದಕುಮಾರ ಐದನ್ನೂ ಕತ್ತರಿಸಿ ಕಳಿಸಿದ. ಈ ಸಲ ಎರಡನೆಯ ಕಡತ ಮಾಡಲಿಲ್ಲ. ಕಂಡೂ ಬಾಯಿ ಬಿಡದ ಚನ್ನಮಲ್ಲಪ್ಪನ ಮೇಲೆ ಮೂವತ್ತು ವರ್ಷದಿಂದ ಇಟ್ಟುಕೊಂಡಿದ್ದ ಸಿಟ್ಟು ಅವತ್ತು ಅವನಲ್ಲಿ ಉಳಿಯಲಿಲ್ಲ.