ನಮ್ಮತ್ತೆಯೂ ನಾಟಕದ ರಾಜನೂ ಒಂದೇ ಬೆಂಚಿನಲ್ಲಿ

ನಮ್ಮತ್ತೆ ಮುನಿಯಮ್ಮ ಯಾರನ್ನೇ ಬೈಯಲಿ, ಮೊದಲ ಬೈಗುಳ ತಮಗೇ ಹಾಕಿಕೊಳ್ಳುತ್ತಿದ್ದರು. ನಾನು ಉದ್ದನಪಲ್ಲಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹಾಲು ಉಕ್ಕಿ ಒಲೆ ಆರಿತು. "ನಾನೊಂದು ಮುದಿ ಎಮ್ಮೆ, ಒಲೆ ಮುಂದೆ ಕುಂತು ತೂಕಡಿಸ್ದೆ. ನೀನೊಂದು ಎಳೇ ಎಮ್ಮೆ, ಹೇಳ್ದೆ ಕೇಳ್ದೆ ಎದ್ದೋದೆ" ಅಂದರು. ಹೀಗೆ ಬೈದರೆ ಸಿಟ್ಟು ಮಾಡುವುದಾದರೂ ಹೇಗೆ? ಅವರೊಡನೆ ಜಗಳಕ್ಕೆ ನಿಲ್ಲಲು ಊರವರು ಹೆದರುತ್ತಿದ್ದುದೂ ಇದಕ್ಕೇ. ತಮ್ಮ ತಪ್ಪನ್ನು ತಂದು ಎಲ್ಲರ ಮುಂದಿಟ್ಟು, "ಈಗ ನಿಂದು ಇಕ್ಕು" ಎಂದು ಕಾಯುತ್ತಾ ಕೂರುವವರು ಅವರು.

ಸಂಕ್ರಾಂತಿ ಕಳೆದರೆ ನಮ್ಮ ಕಡೆ ರಸ್ತೆಯೇ ಕಣ. ಒಣಗಿದ ಹುರುಳಿ ಗಿಡವನ್ನು ದಾರಿಗೆ ಹಾಸಿಬಿಟ್ಟರೆ ಎತ್ತಿನ ಗಾಡಿಗಳೂ ರಾಯಕೋಟೆಯ ಬಸ್ಸೂ ತುಳಿದು ಕಾಳು ಬಿಡಿಸಿಕೊಡುತ್ತಿದ್ದವು. ಬಸ್ಸು ಇದ್ದಿಲಿನಿಂದ ಓಡುತ್ತಿದ್ದ ಕಾಲ. ಅದರ ವೇಗಕ್ಕೆ ಕೋಳಿಯೂ ಹೆದರುತ್ತಿರಲಿಲ್ಲ.

ಆ ವರ್ಷ ನಮ್ಮವರು ಹುರುಳಿ ತಿರುವಿಹಾಕುತ್ತಿದ್ದಾಗ ಹೊಸೂರಿನ ಕಡೆಯಿಂದ ದೊಡ್ಡ ಕಾರೊಂದು ಬುಸುಗುಡುತ್ತಾ ಬಂತು. ಗಿಡದ ಮೇಲೆ ಜಾರಿ, ಅವರ ಕಾಲು ಮುರಿದು, ಹುಣಸೆಮರಕ್ಕೆ ಗುದ್ದಿ ನಿಂತಿತು. ಓಡಿಸುತ್ತಿದ್ದವನು ಇಳಿದಾಗ ಅತ್ತೆ ಎದೆಗೆ ಕೈಯಿಟ್ಟುಕೊಂಡರು. ಗ್ರಾಮಫೋನ್ ಪ್ಲೇಟುಗಳಲ್ಲಿ ಮನೆಮಾತಾಗಿದ್ದ, ಸ್ವಂತ ನಾಟಕ ಕಂಪನಿ ಕಟ್ಟಿದ್ದ ನಟ ಆತ. "ಆಟಕ್ಕೆ ಹೊತ್ತಾಯ್ತು" ಎಂದನೇ ಹೊರತು, ಬಿದ್ದವನ ಕಡೆ ಬಗ್ಗಿ ನೋಡಲಿಲ್ಲ.

ಕೇಸಾಯಿತು. ಊರಿನ ಪಟೇಲಿಕೆ ಮಾಡುತ್ತಿದ್ದ ಮುನಸೀಫರು ಮನೆಗೇ ಬಂದು ಹೇಳಿದರು: "ಮುನಿಯಕ್ಕ, ದೊಡ್ಡೋರ ಸವಾಸ ಬ್ಯಾಡ. ದಾರಿಗೆ ಹುರುಳಿ ಹಾಸಿದ್ದೇ ತಪ್ಪು ಅಂತ ನಿನ್ ಮಗನ್ನೇ ಒಳಗಾಕ್ತಾರೆ. ಆವಯ್ಯ ಸೆಂಟು ಬಳ್ಕಂಡು ಹೊಂಟೋಯ್ತಾನೆ."

ಅವರ ಮಾತು ಸುಳ್ಳೆನಿಸಲಿಲ್ಲ. ಕಾಲಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದ ಗಂಡನನ್ನು ಜೈಲಿಗೂ ಕಳಿಸಬೇಕೇ ಎಂದು ನಾನೂ ಹೆದರಿದೆ. ಅತ್ತೆ ಮಾತ್ರ ರೊಟ್ಟಿ ಬುತ್ತಿ ಕಟ್ಟಿಕೊಂಡು ನನ್ನನ್ನೂ ಹೊರಡಿಸಿದರು.

ಹೊಸೂರಿನ ಕೋರ್ಟಿನ ಮುಂದೆ ನಟನನ್ನು ನೋಡಲು ಜನವೋ ಜನ. ಅವನ ವಕೀಲರು, ತಪ್ಪೆಲ್ಲ ಹುರುಳಿ ಹಾಸಿದವರದೇ ಎಂದು ವಾದಿಸಿದರು. ಅತ್ತೆ ಕಟಕಟೆ ಹತ್ತಿ ಕೈಮುಗಿದರು.

"ಹೂಂ ಸಾಮಿ, ಹಾಸಿದ್ದು ತಪ್ಪೇಯ. ಹಾಸು ಅಂದೋಳು ನಾನು, ನನ್ ಮಗ ಹೇಳ್ದಂಗೆ ಮಾಡ್ದ. ನಂಗೇನು ಶಿಕ್ಷೆ, ಮೊದ್ಲು ಅದ ಕೊಟ್ಬುಡಿ. ಆಮ್ಯಾಕೆ ಇವರ್ದು ನೋಡಿ. ಅದೇ ಹುರುಳಿ ಮ್ಯಾಲೆ ಬಸ್ಸೂ ಬಂತು, ಗಾಡಿಗಳೂ ಬಂದ್ವು. ಕಾಲು ಮುರಿದೋರು ಇವರೊಬ್ಬರೇ."

ವಕೀಲರು ರೇಗಿದರು. "ಇವರು ಎಂಥವರು ಗೊತ್ತೇನಮ್ಮ?"

"ಗೊತ್ತಿಲ್ದೆ ಏನು! ಇವರ ಆಟ ನೋಡಿ ಸೆರಗೆಲ್ಲ ಒದ್ದೆ ಮಾಡ್ಕಂಡೋಳು ನಾನು. ರಾಜನಾಗಿ ಸ್ವಂತ ಮಗನ್ನೂ ಬುಡದಂಗೆ ನ್ಯಾಯ ಹೇಳಿದ್ರು. ಬರೀ ಜುಲ್ಮಾನೆ ಹಾಕ್ಬ್ಯಾಡಿ ಸಾಮಿ, ಅದು ಇವರಿಗೆ ಎಲೆ ಅಡಿಕೆ ಉಗುಳ್ದಂಗೆ. ಆ ಕಾರಿನ ಚಕ್ರ ಕೈಯಿಂದ ಬುಡ್ಸಿ."

ಮ್ಯಾಜಿಸ್ಟ್ರೇಟರು ತಮಿಳರು. ಗುಮಾಸ್ತ ತಮಿಳಿಗೆ ತಿರುಗಿಸಿ ಹೇಳುವ ಮೊದಲೇ ಅವರಿಗೆ ನಗು ಬಂದಿತ್ತು. ನಟನಿಗೆ ಜುಲ್ಮಾನೆ, ಒಂದು ವರ್ಷ ಲೈಸೆನ್ಸ್ ರದ್ದು; ಮೇಲೆ ಸಂಜೆ ಕೋರ್ಟು ಏಳುವ ತನಕ ಕೈದಿಯಾಗಿ ಅಲ್ಲೇ ಕೂರಬೇಕು. ತಪ್ಪೊಪ್ಪಿಕೊಂಡ ಅತ್ತೆಗೂ ಸಂಜೆಯವರೆಗೆ ಕೂರುವ ಶಿಕ್ಷೆ, ಅಷ್ಟೇ. ನಮ್ಮವರ ಹೆಸರೇ ಬರಲಿಲ್ಲ. ನಾನು ಗೋಡೆಗೊರಗಿ ಉಸಿರು ಬಿಟ್ಟೆ. ಎಷ್ಟು ದಿನದಿಂದ ಹಿಡಿದಿಟ್ಟಿದ್ದ ಉಸಿರೋ!

ಇಬ್ಬರಿಗೂ ಒಂದೇ ಬೆಂಚು. ಕಿಟಕಿಯಲ್ಲಿ ಇಣುಕುವ ಜನಕ್ಕೆ ಮುಖ ಕೊಡಲಾರದೆ ಆತ ತಲೆ ತಗ್ಗಿಸಿದ್ದ. ಮಧ್ಯಾಹ್ನ ಅತ್ತೆ ಬುತ್ತಿ ಬಿಚ್ಚಿ, ರಾಗಿ ರೊಟ್ಟಿಯ ಮೇಲೆ ಚಟ್ನಿ ಹಚ್ಚಿ ಅವನ ಮುಂದೆ ಹಿಡಿದರು.

"ತಿನ್ನಿ ಸಾಮಿ. ಚಟ್ನಿ ಅದೇ ಹುರುಳೀದು."

ಆತ ನಕ್ಕನೋ ಅತ್ತನೋ, ನನಗೆ ಕಾಣಲಿಲ್ಲ. ರೊಟ್ಟಿಯನ್ನಂತೂ ಪೂರ್ತಿ ತಿಂದ. ಆಮೇಲೆ ಮೆಲ್ಲಗೆ ಕೇಳಿದ: "ಮಗ ನಡೀತಾನಾ ತಾಯಿ?"

"ನಡೀತಾನೆ, ನಿಧಾನ್ಕೆ. ನೀವೂ ಒಂದು ವರ್ಸ ನಡೀರಿ, ಮೈಗೆ ಒಳ್ಳೇದು."

ಬಡ ಡ್ರೈವರನಾಗಿದ್ದರೆ ಆರು ತಿಂಗಳು ತಳ್ಳುತ್ತಿದ್ದರು, ಹೆಸರಿದ್ದವನೆಂದು ಸಂಜೆಗೇ ಬಿಟ್ಟರು ಎಂದು ಊರಿನ ಹೈದನೊಬ್ಬ ಗೊಣಗಿದ. "ಇದ್ದೀತು ಕಣ್ಲಾ" ಎಂದರು ಅತ್ತೆ. "ಅಂಗಂತ ಇವನ್ನೂ ಆರು ತಿಂಗ್ಳು ಕೊಳೆಸಿದ್ರೆ ಆ ಬಡವನ್ಗೆ ಏನ್ಲಾ ಸಿಗ್ತದೆ? ಇವನ ಕೈಯಿಂದ ಚಕ್ರ ಹೋಯ್ತು. ನನ್ ಮಗ ಮನೇಲವ್ನೆ. ನಾನು ಇವತ್ತು ನಿದ್ದೆ ಮಾಡ್ತೀನಿ."

ನಮ್ಮವರ ಕಾಲು ಕೂಡಿಕೊಂಡಿತು. ಒಂದು ಹೆಜ್ಜೆ ಗಟ್ಟಿ, ಒಂದು ಹಗುರ. ಬಹಳ ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದಾಗ ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಅತ್ತೆ ಲೋಟ ಸರಿಸಿ, ನನ್ನ ಕೈ ಹಿಡಿದು, "ನಡ್ಕಂಡ್ ಬತ್ತಾವ್ನೆ" ಎಂದು ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಅದನ್ನರಿಯದ ನಮ್ಮವರು ಅವಸರವಿಲ್ಲದೆ ಒಳಗೆ ಬಂದು, ಅವ್ವನ ಪಕ್ಕದಲ್ಲಿ ಕುಳಿತರು.